ಯುದ್ಧದ ಚರಿತ್ರೆಕಾರರಾದ ಆಚಾರ್ಯ ಜದುನಾಥ ಸರ್ಕಾರರು
(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಈ ಮಾಲೆಯಲ್ಲಿ ಇದುವರೆಗೆ ಮಾತನಾಡಿದವರು ಶರಣರನ್ನು ಕುರಿತೂ ಗಡಿನಾಡಿನ ಕವಿಗಳನ್ನು ಕುರಿತೂ ಮಾತನಾಡಿದರು. ಒಬ್ಬ ಮಹನೀಯರ ಜೀವನವನ್ನು ಮಕ್ಕಳಿಗೂ ತಿಳಿಯುವಂತೆ ಹೇಳಬೇಕೆಂದು ಸಮಿತಿಯವರು ನಮ್ಮನ್ನು ಕೇಳಿದಾಗ ನಾವು ಒಬ್ಬ ಬಂಗಾಲಿ ಪ್ರಾಧ್ಯಾಪಕರ ಹೆಸರನ್ನು ಹೇಳಿದೆವು. ಸಮಿತಿಯ ಕೆಲವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಕತ್ತಿಯನ್ನು ಹಿಡಿಯದೆ ಜೀವಮಾನವೆಲ್ಲ ಯುದ್ಧವನ್ನು ಕುರಿತು ಬರೆದ, ಕನ್ನಡನಾಡಿನವರಲ್ಲದ ಒಬ್ಬರನ್ನು ಈ ಸಂದರ್ಭದಲ್ಲಿ ಏಕೆ ನೆನೆಯಬೇಕೆಂಬ ಪ್ರಶ್ನೆ ಸಹಜವೇ ಆಗಿತ್ತು. ಅದಕ್ಕೆ ಉತ್ತರ ಈ ಮಾತಿನ ಕೊನೆಯಲ್ಲಿ, ನಮ್ಮ ಶಾಲೆಯ ಒಂದು ಹಳೆಯ ಪುಸ್ತಕದ ಮೊದಲ ಪುಟದಲ್ಲಿದೆ. ಅಲ್ಲಿಯವರೆಗೆ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥಿಸುತ್ತೇವೆ.

ಅವರ ಹೆಸರು ಸರ್ ಜದುನಾಥ ಸರ್ಕಾರ್. ಈ ಹೆಸರನ್ನು ನಾವು ಮೊದಲ ಸಲ ಏಳನೆಯ ತರಗತಿಯಲ್ಲಿ ಹೇಳಿದಾಗ ಒಬ್ಬ ಬಾಲಕ ಎದ್ದು ನಿಂತು, "ಅಕ್ಕೋರೆ, ಇದು ಸರ್ಕಾರದವರು ಬರದ ಪುಸ್ತಕೇನ್ರಿ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಆ ಗೊಂದಲಕ್ಕೆ ಎಡೆಯಾಗದಿರಲೆಂದು ನಾವು ಅವರನ್ನು ಜದುನಾಥರೆಂದೇ ಕರೆಯುತ್ತೇವೆ.

ಜದುನಾಥರು ಹುಟ್ಟಿದ್ದು 1870ರ ಡಿಸೆಂಬರಿನಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿರುವ ರಾಜಶಾಹಿ ಜಿಲ್ಲೆಯ ಕರಚಮಾರಿಯಾ ಎಂಬ ಹಳ್ಳಿಯಲ್ಲಿ. ತಂದೆಯವರು ಜಮೀನುದಾರರು, ಪುಸ್ತಕಪ್ರಿಯರು. ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1892ರಲ್ಲಿ ಎಂ.ಎ. ಪರೀಕ್ಷೆಯಲ್ಲಿ ಪ್ರಥಮ ಶ್ರೇಣಿಯಲ್ಲಿ ಮೊದಲಿಗರಾದರು. ವಿಷಯ ಇತಿಹಾಸವಾಗಿರಲಿಲ್ಲ, ಇಂಗ್ಲಿಷ್ ಸಾಹಿತ್ಯವಾಗಿತ್ತು! ಮರುವರ್ಷವೇ ಕಲಕತ್ತೆಯ ರಿಪನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. 1897ರಲ್ಲಿ ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನ ದೊರೆಯಿತು. ಮುಂದೆ ಬಹುಕಾಲ ಪಾಟ್ನಾ ಕಾಲೇಜಿನಲ್ಲಿ, ನಡುವೆ ಬನಾರಸದ ಹಿಂದೂ ವಿಶ್ವವಿದ್ಯಾಲಯದಲ್ಲಿ, ಕಟಕದ ರ್‍ಯಾವೆನ್‌ಶಾ ಕಾಲೇಜಿನಲ್ಲಿ ಪಾಠ ಹೇಳಿದರು. ಸೇವೆಯಿಂದ ನಿವೃತ್ತರಾದ ಮೇಲೆ 1926ರಿಂದ 1928ರವರೆಗೆ ಕಲಕತ್ತಾ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1929ರಲ್ಲಿ ಸರ್ ಪದವಿ ಬಂದಿತು. 1958ರ ಮೇ ತಿಂಗಳಲ್ಲಿ ಕಲಕತ್ತೆಯಲ್ಲಿ ತೀರಿಕೊಂಡರು. ಹೊರಗಿನಿಂದ ನೋಡಿದರೆ ಆ ಕಾಲದ ಒಬ್ಬ ಯಶಸ್ವಿ ಅಧ್ಯಾಪಕರ ಸೇವಾಪುಸ್ತಕದಂತೆ ಕಾಣುತ್ತದೆ. ಒಳಗಿನ ಕಥೆ ಬೇರೆಯದು.

ಅವರ ಮೊದಲ ಮಹತ್ವದ ಗ್ರಂಥ 1901ರಲ್ಲಿ ಹೊರಬಂದಿತು. ಔರಂಗಜೇಬನ ಕಾಲದ ಹಿಂದೂಸ್ಥಾನದ ಭೂವಿವರಣೆ, ಅಂಕಿಸಂಖ್ಯೆಗಳು ಮತ್ತು ರಸ್ತೆಗಳು ಅದರ ವಿಷಯ. ಮಕ್ಕಳೇ, ಇದನ್ನು ಗಮನಿಸಬೇಕು. ಮುಂದೆ ಮೊಗಲ ಮತ್ತು ಮರಾಠರ ಯುದ್ಧಗಳನ್ನು ಕುರಿತು ಸಾವಿರಾರು ಪುಟ ಬರೆದ ಪಂಡಿತರು ರಸ್ತೆಗಳಿಂದ ಆರಂಭಿಸಿದರು. ಯಾವ ಊರಿನಿಂದ ಯಾವ ಊರಿಗೆ ಎಷ್ಟು ದೂರ, ನಡುವೆ ಯಾವ ನದಿ, ಯಾವ ಘಾಟು ಎಂಬುದನ್ನು ಮೊದಲು ತಿಳಿದುಕೊಂಡರು. ದಂಡು ನಡೆಯುವುದು ಕಾಲಿನ ಮೇಲೆ, ಉಣ್ಣುವುದು ಬಂಡಿಯ ಮೇಲೆ ಬಂದ ಧಾನ್ಯವನ್ನು. ಅವರ ನಿಧನದ ಎರಡು ವರ್ಷಗಳ ಬಳಿಕ, 1960ರಲ್ಲಿ ಪ್ರಕಟವಾದ ಹಿಂದೂಸ್ಥಾನದ ಸೈನಿಕ ಇತಿಹಾಸವೆಂಬ ಗ್ರಂಥವೂ ಈ ದೇಶದ ನೆಲ ಇಲ್ಲಿನ ಯುದ್ಧಗಳನ್ನು ಹೇಗೆ ರೂಪಿಸಿತೆಂಬ ವಿಚಾರದಿಂದಲೇ ತೊಡಗುತ್ತದೆ. ಮೊದಲ ಪುಸ್ತಕಕ್ಕೂ ಕೊನೆಯದಕ್ಕೂ ಆರು ದಶಕಗಳ ಅಂತರವಿದ್ದರೂ ದೃಷ್ಟಿ ಬದಲಾಗಲಿಲ್ಲ.

ಔರಂಗಜೇಬನ ಇತಿಹಾಸವನ್ನು ಅವರು ಐದು ಸಂಪುಟಗಳಲ್ಲಿ, 1912ರಿಂದ 1924ರವರೆಗೆ ಪ್ರಕಟಿಸಿದರು. ಮೊಗಲ ಸಾಮ್ರಾಜ್ಯದ ಪತನವನ್ನು ಕುರಿತ ನಾಲ್ಕು ಸಂಪುಟಗಳು 1932ರಿಂದ 1950ರವರೆಗೆ ಬಂದವು. ಈ ಕೆಲಸಕ್ಕಾಗಿ ಅವರು ಫಾರ್ಸಿ ಕಲಿತರು, ಮರಾಠಿ ಕಲಿತರು, ಫ್ರೆಂಚ್ ಮತ್ತು ಪೋರ್ಚುಗೀಸ್ ಬರಹಗಳನ್ನು ಓದುವಷ್ಟು ಆ ಭಾಷೆಗಳನ್ನೂ ಸಾಧಿಸಿದರು. ಇಂಗ್ಲಿಷ್ ಎಂ.ಎ. ಪದವೀಧರರೊಬ್ಬರು ಕಾಲೇಜಿನ ಪಾಠ ಮುಗಿಸಿ ಬಂದು, ದೀಪದ ಬೆಳಕಿನಲ್ಲಿ ಫಾರ್ಸಿ ಹಸ್ತಪ್ರತಿಯ ಸಾಲುಗಳನ್ನು ಬಿಡಿಸುತ್ತ ಕುಳಿತಿರುವ ಚಿತ್ರ ನಮಗೆ ಬಹಳ ಪ್ರಿಯವಾದದ್ದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ನೆರೆಮನೆಯಲ್ಲಿ ದಖನಿ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ನಮ್ಮ ಮಕ್ಕಳ ತಂದೆತಾಯಂದಿರು ನಮ್ಮ ಬಳಿ ಬಂದು ಸಂಕಟಪಡುತ್ತಾರೆ. ಇಷ್ಟು ಭಾಷೆಗಳ ಭಾರವನ್ನು ಮಗು ಹೊರುವುದು ಹೇಗೆಂದು ಕೇಳುತ್ತಾರೆ. ಜದುನಾಥರು ಬೆವರು ಸುರಿಸಿ ಒಂದೊಂದಾಗಿ ಗಳಿಸಿದ ಬಗೆಯ ಸಂಪತ್ತನ್ನು ನಮ್ಮ ಮಗು ಐದನೆಯ ವಯಸ್ಸಿಗೇ ಓಣಿಯಲ್ಲಿ ಆಡುತ್ತ ಗಳಿಸಿರುತ್ತದೆ.

ಈಗ ಅವರ ಕೆಲಸದ ರೀತಿಯನ್ನು ನಾವು ಬಲ್ಲ ನೆಲದ ಮೇಲೆಯೇ ನೋಡೋಣ.

ಮಂಗಳವೇಢೆ ನಮಗೆ ದೂರದ ಊರಲ್ಲ. ಕಲಚುರಿಗಳ ಕಾಲದಲ್ಲಿ ಬಸವಣ್ಣನವರು ಕರಣಿಕ ವೃತ್ತಿ ಮಾಡಿದ ಊರೆಂದು ಅದನ್ನು ನಾವು ಪೂಜ್ಯಭಾವದಿಂದ ಕಾಣುತ್ತೇವೆ. 1665ರ ನವೆಂಬರಿನಲ್ಲಿ ಮಿರ್ಜಾ ರಾಜಾ ಜಯಸಿಂಹನು ಮೊಗಲರ ದೊಡ್ಡ ದಂಡಿನೊಡನೆ ಪುರಂದರದಿಂದ ವಿಜಾಪುರದತ್ತ ಹೊರಟನು. ಆಗತಾನೆ ಒಪ್ಪಂದ ಮಾಡಿಕೊಂಡಿದ್ದ ಶಿವಾಜಿ ಮಹಾರಾಜರೂ ಆ ದಂಡಿನಲ್ಲಿದ್ದರು. ದಾರಿಯಲ್ಲಿ ಮಂಗಳವೇಢೆ ಮೊದಲಾದ ಕೋಟೆಗಳು ಸುಲಭವಾಗಿ ವಶವಾದವು. ಡಿಸೆಂಬರಿನ ಕೊನೆಗೆ ದಂಡು ವಿಜಾಪುರಕ್ಕೆ ಹತ್ತು ಹನ್ನೆರಡು ಮೈಲಿಯಷ್ಟು ಸಮೀಪಕ್ಕೆ ಬಂದಿತು. ಆದರೆ ಜನವರಿಯ ಮೊದಲ ವಾರದಲ್ಲೇ ಹಿಂದಿರುಗಿತು. ಏಕೆ?

ವೀರಗಾಥೆಯನ್ನು ಹಾಡುವವರನ್ನು ಕೇಳಿದರೆ ಯಾವುದೋ ಒಂದು ಮಹಾಯುದ್ಧದ ಕಥೆ ಹೇಳುತ್ತಾರೆ. ಜದುನಾಥರು ಜಯಸಿಂಹನ ಪತ್ರಗಳನ್ನೇ ಹುಡುಕಿದರು. ಅವನ ಮುನ್ಶಿಯಾಗಿದ್ದ ಉದಯರಾಜನೆಂಬವನು ಒಡೆಯನ ಪರವಾಗಿ ಬರೆದ ಪತ್ರಗಳು 'ಹಫ್ತ್ ಅಂಜುಮನ್' ಎಂಬ ಫಾರ್ಸಿ ಸಂಗ್ರಹದಲ್ಲಿ ಉಳಿದಿವೆ. ಅವುಗಳಲ್ಲಿ ಕಂಡ ಉತ್ತರ ತೀರ ಸರಳವಾದದ್ದು. ವಿಜಾಪುರದವರು ರಾಜಧಾನಿಯ ಸುತ್ತಲಿನ ಕೆರೆಗಳ ನೀರನ್ನು ಹೊರಬಿಟ್ಟಿದ್ದರು, ಬಾವಿಗಳನ್ನು ಕೆಡಿಸಿದ್ದರು, ನೆರಳಿಗೊಂದು ಮರವನ್ನೂ ಉಳಿಸಿರಲಿಲ್ಲ. ಜಯಸಿಂಹನು ಕೋಟೆಯನ್ನೊಡೆಯುವ ಭಾರೀ ತೋಪುಗಳನ್ನು ಜೊತೆಗೆ ತಂದಿರಲಿಲ್ಲ. ಕುಡಿಯಲು ನೀರಿಲ್ಲದ, ಕುದುರೆಗೆ ಮೇವಿಲ್ಲದ ದಂಡು ನಿಲ್ಲುವುದಾದರೂ ಹೇಗೆ? ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತ ನಮ್ಮ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಸಾಮ್ರಾಜ್ಯದ ಸೇನೆಯನ್ನು ಖಾಲಿಯಾದ ಕೆರೆಬಾವಿಗಳು ಹಿಮ್ಮೆಟ್ಟಿಸಿದವೆಂಬುದನ್ನು ಈ ಸೀಮೆಯವರು ಬೇರೆ ಯಾರಿಗಿಂತಲೂ ಬೇಗ ನಂಬುತ್ತಾರೆ.

ಎರಡು ವರ್ಷಗಳ ಹಿಂದೆ ಶಾಲೆಯ ಪ್ರವಾಸಕ್ಕೆ ನಾವು ಮಕ್ಕಳನ್ನು ಭೀಮಾ ತೀರದ ಮಾಚಣೂರಿಗೆ ಕರೆದೊಯ್ದಿದ್ದೆವು. ಸಿದ್ಧೇಶ್ವರನ ದರ್ಶನವಾಯಿತು. ಪಕ್ಕದಲ್ಲೇ ಪಾಳುಬಿದ್ದ ಕೋಟೆಯ ಗೋಡೆ. ಅಲ್ಲಿಯೇ ಸಮೀಪದ ಬ್ರಹ್ಮಪುರಿಯಲ್ಲಿ ಔರಂಗಜೇಬನು 1695ರ ಮೇ ತಿಂಗಳಿನಿಂದ 1699ರ ಅಕ್ಟೋಬರಿನವರೆಗೆ, ನಾಲ್ಕು ವರ್ಷಕ್ಕೂ ಮಿಕ್ಕಿ ಬೀಡುಬಿಟ್ಟಿದ್ದನು. ಆ ಸ್ಥಳಕ್ಕೆ ಇಸ್ಲಾಮಪುರಿಯೆಂದು ಹೆಸರಿಟ್ಟಿದ್ದನು. ಅಂದರೆ ದಿಲ್ಲಿಯ ಸಾಮ್ರಾಜ್ಯದ ನಿಜವಾದ ರಾಜಧಾನಿ ಆ ನಾಲ್ಕು ವರ್ಷ ನಮ್ಮ ಭೀಮೆಯ ದಂಡೆಯ ಮೇಲಿತ್ತು. ಮಕ್ಕಳಿಗೆ ಇದನ್ನು ಹೇಳಿದಾಗ ಇಬ್ಬರು ಬಾಲಕರ ನಡುವೆ ವಾದ ಹುಟ್ಟಿತು. ಬಾದಶಹನ ದಂಡು ಐದು ಲಕ್ಷದ್ದೆಂದು ಒಬ್ಬ, ಅಷ್ಟು ಜನ ಇಲ್ಲಿ ಹಿಡಿಯುವುದಿಲ್ಲವೆಂದು ಇನ್ನೊಬ್ಬ.

ಇಬ್ಬರ ಮಾತಿನಲ್ಲೂ ಹುರುಳಿತ್ತು. ಜೆಮೆಲ್ಲಿ ಕರೇರಿ ಎಂಬ ಇಟಲಿಯ ಪ್ರವಾಸಿ 1695ರ ಮಾರ್ಚಿನಲ್ಲಿ ಕೃಷ್ಣಾ ತೀರದ ಗಲಗಲಿಯಲ್ಲಿ ಬಾದಶಹನ ಬೀಡನ್ನು ಕಂಡು ಬರೆದಿದ್ದಾನೆ. ಗಲಗಲಿ ಇಂದಿನ ಬಾಗಲಕೋಟೆ ಜಿಲ್ಲೆಯ ಊರು. ಅರವತ್ತು ಸಾವಿರ ಕುದುರೆ, ಒಂದು ಲಕ್ಷ ಕಾಲಾಳು. ವ್ಯಾಪಾರಿಗಳು, ಸೇವಕರು, ಹೆಂಗಸರು, ಮಕ್ಕಳು ಎಲ್ಲರೂ ಸೇರಿದರೆ ಐದು ಲಕ್ಷವೆಂದು ಅವನ ಲೆಕ್ಕ. ಜದುನಾಥರ ಪುಟಗಳಲ್ಲಿ ಆ ಬೀಡು ಒಂದು ಚಲಿಸುವ ನಗರವಾಗಿ ಕಾಣುತ್ತದೆ. ಕಾದುವ ಒಬ್ಬನ ಹಿಂದೆ ಉಣ್ಣುವವರು ಹಲವರು. ಆ ನಗರ ನಿಂತಲ್ಲೆಲ್ಲ ಸುತ್ತಲಿನ ಹಳ್ಳಿಗಳ ಜೋಳ, ಕಣಕಿ, ಮರಮಟ್ಟು ಎಲ್ಲವೂ ತೀರಿಹೋಗುತ್ತಿದ್ದವು. ರಾಜರುಗಳ ಇತಿಹಾಸದಲ್ಲಿ ಆ ಹಳ್ಳಿಗಳ ಹೆಸರಿಲ್ಲ. ಆದರೆ ಅವು ನಮ್ಮ ಹಳ್ಳಿಗಳು.

ಮಳೆಗಾಲದ ಪ್ರಸಂಗಗಳನ್ನು ಓದುವಾಗ ನಮಗೆ ಜದುನಾಥರು ಎರೆಭೂಮಿಯಲ್ಲಿ ಹುಟ್ಟಿ ಬೆಳೆದವರೇನೋ ಎನಿಸುತ್ತದೆ. 1702ರಲ್ಲಿ ವಿಶಾಳಗಡವನ್ನು ಹಿಡಿದು ಪನ್ಹಾಳಗಡಕ್ಕೆ ಹಿಂದಿರುಗುವಾಗ ಬಾದಶಹನ ದಂಡು ಸುಮಾರು 30 ಮೈಲಿಯ ಹಾದಿಯನ್ನು ಸವೆಸಲು 38 ದಿನ ತೆಗೆದುಕೊಂಡಿತು. ಜೂನ್, ಜುಲೈ ತಿಂಗಳ ಸಹ್ಯಾದ್ರಿಯ ಮಳೆ. ತುಂಬಿ ಹರಿಯುವ ಹಳ್ಳಗಳು. ಕೆಸರಿನಲ್ಲಿ ಹೂತುಹೋಗುವ ಒಂಟೆಗಳು. ಅದಕ್ಕೂ ಮುಂಚೆ 1700ರ ಅಕ್ಟೋಬರ್ ಆರಂಭದ ಒಂದು ನಡುರಾತ್ರಿ, ಇಂದಿನ ಸಾಂಗೋಲೆ ತಾಲೂಕಿನ ಖವಾಸಪುರದಲ್ಲಿ ಮಾಣ ನದಿಗೆ ಇದ್ದಕ್ಕಿದ್ದಂತೆ ಪ್ರವಾಹ ಬಂದಿತು. ಬೀಡಿನಲ್ಲಿ ಎದ್ದ ಬೊಬ್ಬೆಯನ್ನು ಮರಾಠರ ದಾಳಿಯೆಂದೇ ತಿಳಿದು ಗಾಬರಿಯಿಂದ ಎದ್ದ ಮುದಿ ಬಾದಶಹನು ಎಡವಿ ಬಿದ್ದು ಮೊಣಕಾಲಿನ ಕೀಲು ತಪ್ಪಿಸಿಕೊಂಡನು. ಆಗ ಅವನಿಗೆ ಎಂಬತ್ತೆರಡರ ಹತ್ತಿರ ವಯಸ್ಸು. ಅಲ್ಲಿಂದ ಮುಂದೆ ಕುಂಟುತ್ತಲೇ ನಡೆದನು. ಹೊಗಳುಭಟರು ಇದು ಕುಂಟನಾಗಿದ್ದ ಮೂಲಪುರುಷ ತೈಮೂರನಿಂದ ಬಂದ ಬಳುವಳಿಯೆಂದರಂತೆ! ಮಕ್ಕಳು ಈ ಪ್ರಸಂಗವನ್ನು ಎಂದೂ ಮರೆಯುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲವೆಂದು ಹೇಳಿದರೂ ಬರೆದು ಬರುತ್ತಾರೆ.

ಕೊನೆಯ ಮುತ್ತಿಗೆ ಕನ್ನಡನೆಲದ್ದೇ. 1705ರ ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ಸುರಪುರ ಸೀಮೆಯ ವಾಗಣಗೇರಿಯ ಮುಂದೆ ಬಾದಶಹನು ಸ್ವತಃ ಕುಳಿತನು. ಎದುರಿಗಿದ್ದವನು ಬೇಡರ ನಾಯಕ. ಫಾರ್ಸಿ ಬರಹಗಳು ಪಿಡಿಯಾ ಎಂದು ಕರೆಯುವ ಪಿಡ್ಡನಾಯಕ. ಬೇಡರ ಗುರಿಯ ಬಂದೂಕುಗಳು ಮೊಗಲರನ್ನು ಗುಡ್ಡದ ಬುಡದಲ್ಲೇ ತಡೆದವು. ಧನಾಜಿ ಜಾಧವ ಮೊದಲಾದ ಮರಾಠಾ ಸರದಾರರು ನೆರವಿಗೆ ಬಂದರು. ಕೊನೆಗೊಂದು ರಾತ್ರಿ ಬೇಡರು ಕೋಟೆಯನ್ನು ತೆರವು ಮಾಡಿ ಹೊರಟುಹೋದರು. ಜಗತ್ತಿನ ಅತ್ಯಂತ ಶ್ರೀಮಂತ ಸಾಮ್ರಾಟನಿಗೆ ದೊರೆತದ್ದು ಬರಿದಾದ ಕೋಟೆ. ಎರಡು ವರ್ಷಗಳೊಳಗೆ, 1707ರಲ್ಲಿ, ಅವನು ಅಹಮದನಗರದಲ್ಲಿ ತೀರಿಕೊಂಡನು.

ಈ ಮುತ್ತಿಗೆಯನ್ನು ಜದುನಾಥರು ಮುಖ್ಯವಾಗಿ ಮೊಗಲರ ಕಡೆಯಿಂದ ನೋಡಿ ಬರೆದಿದ್ದಾರೆ. ಸಾಕೀ ಮುಸ್ತೈದ ಖಾನನ 'ಮಆಸಿರ್-ಎ-ಆಲಂಗೀರಿ'ಯಂಥ ಫಾರ್ಸಿ ಗ್ರಂಥಗಳು ಅವರ ಮೇಜಿನ ಮೇಲಿದ್ದವು. ಅದನ್ನು ಮುಂದೆ 1947ರಲ್ಲಿ ಅವರೇ ಇಂಗ್ಲಿಷಿಗೆ ತಂದರು. ಜಯಪುರದಲ್ಲಿಯೂ ಲಂಡನ್ನಿನಲ್ಲಿಯೂ ಉಳಿದಿದ್ದ ಮೊಗಲ ದರಬಾರಿನ ದಿನವಹಿ ಅಖಬಾರುಗಳನ್ನು ಅವರು ಬಳಸಿಕೊಂಡ ರೀತಿ ಆ ಕಾಲಕ್ಕೆ ಹೊಸದು. ಆದರೆ ಕೋಟೆಯ ಒಳಗಿದ್ದವರ ಮಾತು ನಮಗೆ ಅಲ್ಲಿ ಕಡಿಮೆ ಕೇಳಿಸುತ್ತದೆ. ನಮ್ಮ ಸೀಮೆಗಳ ಕೈಫಿಯತ್ತುಗಳು ಕನ್ನಡದಲ್ಲಿವೆ, ಅವುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಕೊಟ್ಟಿದ್ದಾರೆ. ಮಠಗಳಲ್ಲಿ, ವಾಡೆಗಳಲ್ಲಿ, ಕುಲಕರ್ಣಿ ಮನೆತನಗಳ ಅಟ್ಟದ ಮೇಲೆ ಇನ್ನೂ ಗಂಟುಬಿಚ್ಚದ ಕಾಗದಗಳಿವೆ. ಅವುಗಳಲ್ಲಿ ಕೆಲವು ಕನ್ನಡ, ಕೆಲವು ಮೋಡಿ, ಕೆಲವು ಫಾರ್ಸಿ. ಇವನ್ನೆಲ್ಲ ಓದಬಲ್ಲವರು ಎಲ್ಲಿಂದ ಬರಬೇಕು? ಕಲಕತ್ತೆಯಿಂದ ಮತ್ತೊಬ್ಬ ಜದುನಾಥರು ಬರುವವರೆಗೆ ಕಾಯಬೇಕಾಗಿಲ್ಲವೆಂಬುದು ನಮ್ಮ ಭಾವನೆ.

ಅವರ ಜೀವನದ ಅತ್ಯಂತ ಸುಂದರ ಅಧ್ಯಾಯ ಗೋವಿಂದ ಸಖಾರಾಮ ಸರದೇಸಾಯಿಯವರೊಡನೆ ನಡೆದ ಸ್ನೇಹ. ಸರದೇಸಾಯಿಯವರು ಬಡೋದೆಯ ಸಂಸ್ಥಾನದ ಸೇವೆಯಲ್ಲಿದ್ದವರು, ಮರಾಠೀ ರಿಯಾಸತ್ ಗ್ರಂಥಮಾಲೆಯ ಕರ್ತೃಗಳು. ಒಬ್ಬರು ಬಂಗಾಲಿ, ಒಬ್ಬರು ಮಹಾರಾಷ್ಟ್ರೀಯರು. ಒಬ್ಬರಿಗೆ ಫಾರ್ಸಿ ಕರಗತ, ಇನ್ನೊಬ್ಬರಿಗೆ ಮೋಡಿ. ಸುಮಾರು ಐವತ್ತು ವರ್ಷ ಪತ್ರ ಬರೆದುಕೊಂಡರು. ಪುಣೆಯ ಪೇಶವೆ ದಫ್ತರದಲ್ಲಿ ರುಮಾಲುಗಳಲ್ಲಿ ಕಟ್ಟಿಟ್ಟ ಅಪಾರ ಮೋಡಿ ಕಾಗದಗಳು ಸಂಶೋಧಕರಿಗೆ ತೆರೆಯಬೇಕೆಂದು ಜದುನಾಥರು ಸರ್ಕಾರವನ್ನು ಒತ್ತಾಯಿಸಿದರು. ಅವುಗಳಿಂದ ಆಯ್ದು ಸರದೇಸಾಯಿಯವರು 1930ರಿಂದ 45 ಸಂಪುಟಗಳನ್ನು ಹೊರತಂದರು. ಬಳಿಕ ಇಬ್ಬರೂ ಕೂಡಿ ಪುಣೆಯ ರೆಸಿಡೆನ್ಸಿಯ ಪತ್ರವ್ಯವಹಾರದ ಮಾಲೆಯನ್ನು ಸಂಪಾದಿಸಿದರು. ಗಡಿಯ ಈಚೆಗೂ ಆಚೆಗೂ ನಿಂತು ಒಬ್ಬರನ್ನೊಬ್ಬರು ನೋಡಿ ಕೈಯೆತ್ತಿ ಕೂಗುವುದನ್ನೇ ಕಂಡು ಬೆಳೆದಿರುವ ನಮಗೆ ಇಂಥ ಸ್ನೇಹ ಆಶ್ಚರ್ಯವನ್ನುಂಟುಮಾಡುತ್ತದೆ.

ಆದರೂ ಮಹಾರಾಷ್ಟ್ರದಲ್ಲಿ ಜದುನಾಥರು ಸುಲಭವಾಗಿ ಸ್ವೀಕೃತರಾಗಲಿಲ್ಲ. 1919ರಲ್ಲಿ ಬಂದ ಅವರ ಶಿವಾಜಿ ಚರಿತ್ರೆಯನ್ನು ಪುಣೆಯ ಹಲವು ವಿದ್ವಾಂಸರು ಕಟುವಾಗಿ ಟೀಕಿಸಿದರು. ಶಿವಾಜಿ ಮಹಾರಾಜರನ್ನು ಅವರು ಹೊಸ ರಾಜ್ಯವನ್ನೇ ಕಟ್ಟಿದ ಅಸಾಧಾರಣ ಪುರುಷರೆಂದು ಮನಸಾರೆ ಮೆಚ್ಚಿದ್ದರು. ಟೀಕೆಗೆ ಒಂದು ಮುಖ್ಯ ಕಾರಣ ಬಖರುಗಳನ್ನು ಅವರು ತೂಗಿದ ರೀತಿ. ಮಹಾರಾಜರ ಕಾಲವನ್ನು ಕಂಡಿದ್ದ ಸಭಾಸದನ ಬಖರಿಗೆ ಅವರು ಬೆಲೆ ಕೊಟ್ಟರು; ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಬರೆದ ಚಿಟಣೀಸರ ಬಖರಿಗೆ ಆ ಬೆಲೆ ಕೊಡಲಿಲ್ಲ. ಬರೆದವನು ಯಾರು, ಯಾವಾಗ ಬರೆದ, ತಾನೇ ಕಂಡನೋ ಕೇಳಿ ಬರೆದನೋ, ಯಾರ ಅನ್ನವನ್ನುಂಡು ಬರೆದ ಎಂಬುವೇ ಅವರ ಪ್ರಶ್ನೆಗಳು. ಪಾಣಿಪತದ ಮೂರನೆಯ ಯುದ್ಧದಲ್ಲಿಯೂ ಹಾಗೆಯೇ. ಜನರ ಬಾಯಲ್ಲಿ ಲಕ್ಷಗಟ್ಟಲೆಯಾಗಿದ್ದ ಮರಾಠಾ ಸೈನ್ಯವನ್ನು ಅವರು 45 ಸಾವಿರಕ್ಕೆ, ಅಬ್ದಾಲಿಯದನ್ನು 60 ಸಾವಿರಕ್ಕೆ ಇಳಿಸಿದರು. ಆ ಯುದ್ಧವನ್ನು ಕಣ್ಣಾರೆ ಕಂಡ ಕಾಶಿರಾಜನ ಫಾರ್ಸಿ ವೃತ್ತಾಂತವನ್ನು 1934ರಲ್ಲಿ ತಾವೇ ಹೊಸದಾಗಿ ಅನುವಾದಿಸಿದರು. ಅದನ್ನೂ ಸುಮ್ಮನೆ ನಂಬದೆ ಮರಾಠಿ ಪತ್ರಗಳೊಡನೆ ಹೋಲಿಸಿದರು. ಸಂಖ್ಯೆ ಇಳಿದರೆ ಶೌರ್ಯ ಇಳಿಯುವುದೆಂದು ಭಾವಿಸಿದವರಿಗೆ ನೋವಾಯಿತು. ಎರಡೂವರೆ ತಿಂಗಳು ದಿಗ್ಬಂಧನದಲ್ಲಿ ಹಸಿದು, ಕೊನೆಗೆ ಹೋರಾಡಿ ಸಾಯುವುದೇ ಲೇಸೆಂದು ಹೊರಬಂದ 45 ಸಾವಿರದ ಜನರ ಶೌರ್ಯ ನಮಗೇನೂ ಕಡಿಮೆಯೆನಿಸುವುದಿಲ್ಲ.

ಅವರ ಎಲ್ಲ ತೀರ್ಮಾನಗಳನ್ನೂ ನಾವು ಒಪ್ಪುತ್ತೇವೆಂದಲ್ಲ. ಸಾಮ್ರಾಜ್ಯದ ಪತನವನ್ನು ಅವರು ಬಹಳ ಮಟ್ಟಿಗೆ ವ್ಯಕ್ತಿಗಳ ಗುಣಾವಗುಣಗಳಲ್ಲಿ, ಬಾದಶಹನ ಧರ್ಮನೀತಿಯಲ್ಲಿ ಕಂಡರು. ಬಳಿಕ ಬಂದ ಸತೀಶಚಂದ್ರ, ಅಥರ್ ಅಲಿ ಮೊದಲಾದವರು ಜಹಗೀರುಗಳ ಮುಗ್ಗಟ್ಟನ್ನು, ಅಮೀರರ ಪಕ್ಷಪಂಗಡಗಳನ್ನು ಎತ್ತಿ ತೋರಿಸಿ ಆ ಚಿತ್ರವನ್ನು ತಿದ್ದಿದರು. ಪ್ಲಾಸಿಯ ಬಳಿಕ ಬಂದ ಬ್ರಿಟಿಷರ ಆಳ್ವಿಕೆಯಲ್ಲಿ ಅವರು ಹೊಸ ಯುಗದ ಅರುಣೋದಯವನ್ನು ಕಂಡದ್ದು ನಮಗೆ ರುಚಿಸುವುದಿಲ್ಲ. ಆದರೆ ಅವರನ್ನು ತಿದ್ದಿದವರೂ ಕಾಗದಪತ್ರಗಳನ್ನೇ ಮುಂದಿಟ್ಟು ತಿದ್ದಿದರು. ಅವರ ಶಿಷ್ಯರಲ್ಲಿ ಒಬ್ಬರಾದ ಸೀತಾಮವು ಸಂಸ್ಥಾನದ ಮಹಾರಾಜಕುಮಾರ ರಘುವೀರಸಿಂಹರು ಹಸ್ತಪ್ರತಿಗಳ ನಕಲುಗಳನ್ನು ಕೂಡಿಸಿ ತಮ್ಮ ಊರಿನಲ್ಲೇ ಒಂದು ಗ್ರಂಥಾಲಯವನ್ನು ಕಟ್ಟಿದರು. ಗುರುದಕ್ಷಿಣೆಯೆಂದರೆ ಇಂಥದು.

ಅವರ ಮನೆಯ ದುಃಖವನ್ನು ಹೇಳದೆ ಮುಂದೆ ಹೋಗಲಾರೆವು. ದೇಶವಿಭಜನೆಯ ಹೊತ್ತಿನ ಕೋಮುಗಲಭೆಗಳಲ್ಲಿ ಕಲಕತ್ತೆಯ ಬೀದಿಯಲ್ಲಿ ಅವರ ಹಿರಿಯ ಮಗ ಇರಿತಕ್ಕೆ ಬಲಿಯಾದರು. ತಂದೆಗೆ ಆಗ ಎಪ್ಪತ್ತೈದು ಮೀರಿತ್ತು. ಜೀವಮಾನವೆಲ್ಲ ಹಳೆಯ ಕಾಲದ ರಕ್ತಪಾತವನ್ನು ತಾರೀಖು ಹಾಕಿ ಬರೆದವರ ಮನೆಯ ಬಾಗಿಲಿಗೇ ಅದು ಬಂದು ನಿಂತಿತು. ಪತನದ ನಾಲ್ಕನೆಯ ಸಂಪುಟ ಆಗ ಇನ್ನೂ ಮುಗಿದಿರಲಿಲ್ಲ. ಅವರು ಮತ್ತೆ ಮೇಜಿಗೆ ಕುಳಿತರು. 1950ರಲ್ಲಿ ಅದು ಪ್ರಕಟವಾಯಿತು.

ಈಗ ನಮ್ಮ ಹಳೆಯ ಪುಸ್ತಕ.

ನಮ್ಮ ಶಾಲೆ ಹೇಗೆ ಆರಂಭವಾಯಿತೆಂಬ ಕಥೆಯನ್ನು ಈ ಸಭೆಯಲ್ಲಿ ಅರಿಯದವರಿಲ್ಲ. ವಿಜಯದಶಮಿಯ ದಿನ, ಊರಿನ ಒಬ್ಬ ಧಣಿಯರು ದಾನವಾಗಿ ಕೊಟ್ಟ ಇದೇ ಜಾಗದಲ್ಲಿ, ನೂರು ಬಾಲಕರು ಪಾಟಿಪೂಜೆ ಮಾಡಿ ಅಕ್ಷರ ಬರೆದರೆಂದು ನಾವೂ ಪ್ರತಿವರ್ಷ ಭಾಷಣದಲ್ಲಿ ಹೇಳುತ್ತ ಬಂದವರೇ. ಸ್ಮರಣ ಸಂಚಿಕೆಗಾಗಿ ಆ ಕಥೆಯನ್ನು ಬರೆಯುವ ಹೊಣೆ ನಮಗೆ ಬಂದಾಗ ಆಫೀಸಿನ ಕಬ್ಬಿಣದ ಕಪಾಟಿನಿಂದ ಮೊದಲನೆಯ ಜನರಲ್ ರಜಿಸ್ಟರನ್ನು ತೆಗೆಸಿದೆವು. ಗೆದ್ದಲು ಒಂದು ಮೂಲೆಯನ್ನು ತಿಂದಿತ್ತು. ಹೆಸರುಗಳು ಕನ್ನಡದಲ್ಲಿ, ಷರಾ ಕಾಲಮು ಮೋಡಿಯಲ್ಲಿ. ಮೋಡಿ ನಮಗೆ ಬಾರದು. ಪಕ್ಕದ ಊರಿನ ನಿವೃತ್ತ ತಲಾಠಿಯೊಬ್ಬರನ್ನು ಬೇಡಿಕೊಂಡೆವು. ಎಂಬತ್ತು ದಾಟಿದ ಅವರು ಬಸ್ಸು ಹಿಡಿದು ಬಂದು, ಭೂತಗನ್ನಡಿ ಹಿಡಿದು ಎರಡು ಮಧ್ಯಾಹ್ನ ಕುಳಿತು ಓದಿಕೊಟ್ಟರು.

ಮೊದಲ ದಿನದ ಹೆಸರುಗಳು ಹದಿನಾಲ್ಕು. ತಿಂಗಳು ಆಶ್ವಯುಜವಲ್ಲ, ಜ್ಯೇಷ್ಠ. ಶಾಲೆ ನಡೆದ ಸ್ಥಳ ಮಠದ ಪಡಸಾಲೆ. ಧಣಿಯರ ಜಾಗದ ಕಾಗದವನ್ನೂ ಹುಡುಕಿಸಿದೆವು. ದಾನ ಕೊಟ್ಟದ್ದು ನಿಜ, ಆದರೆ ಅದು ಹನ್ನೊಂದು ವರ್ಷಗಳ ನಂತರ. ಆರಂಭದ ವರ್ಷಗಳಲ್ಲಿ ಹೆಣ್ಣುಮಕ್ಕಳಿರಲಿಲ್ಲವೆಂದು ನಾವೆಲ್ಲ ನಂಬಿದ್ದೆವು. ಆರನೆಯ ಸಾಲಿನಲ್ಲಿ ಒಬ್ಬ ಹುಡುಗಿಯ ಹೆಸರಿತ್ತು.

ಇದನ್ನು ಹೀಗೆಯೇ ಬರೆಯಬೇಕೋ ಬೇಡವೋ ಎಂದು ಸಮಿತಿಯಲ್ಲಿ ಮೂರು ಸಭೆಗಳಲ್ಲಿ ಚರ್ಚೆಯಾಯಿತು. ನೂರು ವರ್ಷದ ಹಬ್ಬದಲ್ಲಿ ದಾನಿಗಳ ಮನೆತನಕ್ಕೆ ನೋವುಂಟುಮಾಡುವುದು ತರವಲ್ಲವೆಂದು ಹಲವರು ಹೇಳಿದರು. ಅವರ ಮಾತು ತಪ್ಪೆಂದು ನಾವು ಹೇಳಲಾರೆವು; ಗಡಿಯಲ್ಲಿ ಕನ್ನಡ ಶಾಲೆಯನ್ನು ಉಳಿಸಿಕೊಂಡು ಬಂದದ್ದೇ ಅಂಥ ಮನೆತನಗಳ ಕೃಪೆಯಿಂದ. ಆದ್ದರಿಂದ ನಾವೇ ಆ ಮನೆಗೆ ಹೋದೆವು. ಮನೆಯ ಹಿರಿಯರು ಚಹಾ ತರಿಸಿ, ನಾವು ಹೇಳಿದ್ದನ್ನೆಲ್ಲ ಕೇಳಿ, "ಅಕ್ಕೋರೆ, ಹಂಗಾರ ನಮ್ಮಜ್ಜ ಸುಳ್ಳು ಹೇಳತಿದ್ನೇನ್ರಿ?" ಎಂದರು. ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಜಾಗದ ಕಾಗದವನ್ನು ಅವರ ಕೈಗಿತ್ತೆವು. ಅಜ್ಜನ ಸಹಿಯನ್ನು ಅವರು ಅದುವರೆಗೆ ನೋಡಿರಲಿಲ್ಲ. ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿದರು. ದಾನ ಕೊಟ್ಟ ವರ್ಷ ಘೋರ ಬರಗಾಲವಿತ್ತೆಂದೂ, ಆಗ ಆ ಹೊಲ ಮಾರಿದ್ದರೆ ಮನೆಯ ಸಾಲ ತೀರುತ್ತಿತ್ತೆಂದೂ ತಮ್ಮ ತಾಯಿ ಹೇಳುತ್ತಿದ್ದುದನ್ನು ನೆನಪಿಸಿಕೊಂಡರು. ಹಳೆಯ ಕಥೆಯಲ್ಲಿ ಈ ಸಾಲದ ಮಾತು ಎಲ್ಲಿಯೂ ಇರಲಿಲ್ಲ. ಕೊನೆಗೆ, "ಇದ್ದಂಗ ಬರೀರಿ" ಎಂದರು. ಆ ಹಿರಿಯರು ಇಂದು ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಅನುಮತಿಯಿಂದಲೇ ಇದನ್ನು ಹೇಳುತ್ತಿದ್ದೇವೆ.

ಈ ಸಂಚಿಕೆಯ ಮತ್ತೊಂದು ಲೇಖನದಲ್ಲಿ ನೂರು ಬಾಲಕರ ಕಥೆ ಹಾಗೆಯೇ ಬರಲಿದೆ. ಅದನ್ನು ಬರೆದ ಹಿರಿಯರು ತಾವು ಕೇಳಿದ್ದನ್ನು ಬರೆದಿದ್ದಾರೆ, ತೆಗೆಯಬೇಕೆಂದು ನಾವು ಹಟ ಹಿಡಿಯಲಿಲ್ಲ. ಎರಡೂ ಅಚ್ಚಾಗಲಿ. ಎದುರು ಪುಟದಲ್ಲಿ ರಜಿಸ್ಟರಿನ ಛಾಯಾಚಿತ್ರವಿರುತ್ತದೆ.

ಆರನೆಯ ಸಾಲಿನ ಹುಡುಗಿಯ ವಯಸ್ಸು ಎಂಟೆಂದು ಬರೆದಿದೆ. ಒಂದೂವರೆ ವರ್ಷ ಶಾಲೆಗೆ ಬಂದಿದ್ದಾಳೆ. ಶಾಲೆ ಬಿಟ್ಟ ಕಾರಣದ ಮುಂದೆ ಮೋಡಿಯಲ್ಲಿ ಒಂದೇ ಶಬ್ದ. ತಲಾಠಿಯವರು ಅದನ್ನು ಓದಿ, ಭೂತಗನ್ನಡಿಯನ್ನು ಕೆಳಗಿಟ್ಟು, "ಲಗ್ನ" ಎಂದರು.

ಹೆಸರನ್ನು ಈ ಸಭೆಯಲ್ಲಿ ಹೇಳುವುದಿಲ್ಲ. ಮನೆಯವರನ್ನು ಕೇಳದೆ ಹೇಳುವುದು ಸರಿಯಲ್ಲ. ತಮ್ಮ ಮುತ್ತಜ್ಜಿಯೊಬ್ಬರು ಮಠದ ಪಡಸಾಲೆಯಲ್ಲಿ ಅಕ್ಷರ ಕಲಿತಿದ್ದರೆಂದು ಯಾರ ಮನೆಯಲ್ಲಾದರೂ ಮಾತಿದ್ದರೆ, ದಯವಿಟ್ಟು ನಾಳೆ ಹತ್ತು ಗಂಟೆಯ ಮೇಲೆ ಆಫೀಸಿಗೆ ಬರಬೇಕು. ರಜಿಸ್ಟರನ್ನು ಮೇಜಿನ ಮೇಲೆ ತೆಗೆದಿಟ್ಟಿರುತ್ತೇವೆ.